ಅಭಿಸರಣೆ: ಪೊರೆಗೆ ಎರಡು ಬದಿ, ನೀರಿಗೆ ಒಂದು ನಡೆ

ಆಸ್ಪತ್ರೆಯಲ್ಲಿ ಸಿಗುವ ಅತ್ಯಂತ ಶುದ್ಧ ನೀರೆಂದರೆ ಇಂಜೆಕ್ಷನ್ ಪುಡಿಯನ್ನು ಕರಗಿಸಲು ಬಳಸುವ ಡಿಸ್ಟಿಲ್ಡ್ ವಾಟರ್. ಅದರಲ್ಲಿ ಉಪ್ಪಿಲ್ಲ, ಸಕ್ಕರೆಯಿಲ್ಲ, ರೋಗಾಣುವಿಲ್ಲ. ಆದರೆ ಆ ನೀರನ್ನೇ ಬಾಟಲಿಗಟ್ಟಲೆ ನೇರವಾಗಿ ರಕ್ತನಾಳಕ್ಕೆ ಹರಿಸಿದರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ, ಮೂತ್ರ ಕೆಂಪಾಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಜೀವಕ್ಕೇ ಸಂಚಕಾರ ಬರುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು ಬೆರೆತಿದ್ದರೆ ಅದೇ ನೀರು ದಿನವೂ ಸಾವಿರಾರು ರೋಗಿಗಳಿಗೆ ಏರಿಸುವ ಸಲೈನ್. 9ರ ಬದಲು 90 ಗ್ರಾಂ ಬೆರೆತರೆ ಮತ್ತೆ ಅಪಾಯ. ಈ ಸಲ ಕಣಗಳು ಒಡೆಯುವುದಿಲ್ಲ, ಮುದುಡುತ್ತವೆ. ಮೂರು ಪರಿಣಾಮಗಳ ಹಿಂದೆಯೂ ಇರುವುದು ಒಂದೇ ಕ್ರಿಯೆ, ಅಭಿಸರಣೆ.

ಅರೆಪಾರಕ ಪೊರೆಯ ಮೂಲಕ ದ್ರಾವಕದ ನಿವ್ವಳ ಚಲನೆಯೇ ಅಭಿಸರಣೆ. ಜೀವಿಗಳ ಮಟ್ಟಿಗೆ ದ್ರಾವಕವೆಂದರೆ ನೀರು. ಅರೆಪಾರಕ ಪೊರೆ ನೀರನ್ನು ದಾಟಲು ಬಿಡುತ್ತದೆ, ನೀರಿನಲ್ಲಿ ಕರಗಿದ ಹಲವನ್ನು ಬಿಡುವುದಿಲ್ಲ. ಒಂದು ಬದಿಗೆ ಬರೀ ನೀರು, ಇನ್ನೊಂದು ಬದಿಗೆ ಸಕ್ಕರೆ ನೀರು ಇದ್ದಾಗ ನೀರಿನ ಅಣುಗಳು ಎರಡೂ ಕಡೆಯಿಂದ ಪೊರೆಯನ್ನು ದಾಟುತ್ತಲೇ ಇರುತ್ತವೆ. ಸಕ್ಕರೆಯಿರುವ ಕಡೆಯಿಂದ ದಾಟುವ ನೀರು ತುಸು ಕಡಿಮೆ. ಆ ತುಸು ವ್ಯತ್ಯಾಸವೇ ಒಟ್ಟು ಲೆಕ್ಕದಲ್ಲಿ ನೀರನ್ನು ಸಕ್ಕರೆಯ ಕಡೆಗೆ ಸಾಗಿಸುತ್ತದೆ. ಉಪ್ಪು ನೀರನ್ನು ‘ಎಳೆದುಕೊಳ್ಳುತ್ತದೆ’ ಎನ್ನುವುದು ಬಾಯಿಮಾತಿಗೆ ಅನುಕೂಲ, ಈ ಲೇಖನದಲ್ಲೂ ಅದು ಅಲ್ಲಲ್ಲಿ ನುಸುಳೀತು. ನಿಜದಲ್ಲಿ ಅಲ್ಲಿ ಎಳೆಯುವವರು ಯಾರೂ ಇಲ್ಲ. ಗುರಿಯಿಲ್ಲದೆ ಓಡಾಡುವ ಅಣುಗಳ ಹೋಗುಬರವಿನ ಲೆಕ್ಕವಷ್ಟೇ ಇದೆ.

ನೀರು ಹೀಗೆ ಬಂದು ಸೇರುವುದನ್ನು ತಡೆಯಲು ಸಾರ ಹೆಚ್ಚಿರುವ ದ್ರಾವಣದ ಮೇಲೆ ಹೇರಬೇಕಾದ ಒತ್ತಡಕ್ಕೆ ಅಭಿಸರಣ ಒತ್ತಡ ಎಂದು ಹೆಸರು. ಇದು ಸಣ್ಣ ಸಂಗತಿಯಲ್ಲ. ಮನುಷ್ಯರ ರಕ್ತದ ಪ್ಲಾಸ್ಮಾವನ್ನು ಶುದ್ಧ ನೀರಿನಿಂದ ಅರೆಪಾರಕ ಪೊರೆಯೊಂದು ಬೇರ್ಪಡಿಸಿದ್ದರೆ ದೇಹದ ಉಷ್ಣತೆಯಲ್ಲಿ ಏಳುವ ಒತ್ತಡ ವಾತಾವರಣದ ಒತ್ತಡದ ಸುಮಾರು ಏಳೂವರೆ ಪಟ್ಟು. ನೀರನ್ನು 75 ಮೀಟರ್ ಎತ್ತರಕ್ಕೆ ಏರಿಸಿ ನಿಲ್ಲಿಸಲು ಅಷ್ಟು ಸಾಕು. ಸಮುದ್ರದ ನೀರಿಗಾದರೆ ಇದು 25 ಪಟ್ಟನ್ನೂ ಮೀರುತ್ತದೆ. ಕರಗಿದ ವಸ್ತು ಯಾವುದು, ಅದರ ಅಣು ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಮುಖ್ಯವಲ್ಲ. ಕಣಗಳ ಎಣಿಕೆ ಮುಖ್ಯ. ಸಕ್ಕರೆಯ ಅಣು ನೀರಿನಲ್ಲಿ ಒಂದಾಗಿಯೇ ಉಳಿಯುತ್ತದೆ, ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ಆದ್ದರಿಂದ ಅಣುವಿಗೆ ಅಣು ಲೆಕ್ಕ ಹಾಕಿದರೆ ಉಪ್ಪಿನ ಪ್ರಭಾವ ಹೆಚ್ಚುಕಡಿಮೆ ಇಮ್ಮಡಿ.

ಈ ವಿದ್ಯಮಾನವನ್ನು ಮೊದಲು ದಾಖಲಿಸಿದವರು ಫ್ರಾನ್ಸಿನ ಪಾದ್ರಿ, ಭೌತವಿಜ್ಞಾನಿ ಜಾನ್ ಆಂಟ್ವಾನ್ ನೊಲೆ. 1748ರಲ್ಲಿ ಅವರು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟರು. ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿ ಬಿಗಿಯಿತು, ಸೂಜಿಯಿಂದ ಚುಚ್ಚಿದಾಗ ಒಳಗಿನ ದ್ರವ ಚಿಮ್ಮಿತು. ನೀರು ಒಳಹೊಕ್ಕಷ್ಟು ಸಲೀಸಾಗಿ ಮದ್ಯಸಾರ ಹೊರಗೆ ಬರಲಿಲ್ಲ ಎಂಬುದು ಅವರಿಗೆ ತಿಳಿಯಿತು, ಏಕೆಂಬುದು ತಿಳಿಯಲಿಲ್ಲ. 1820ರ ದಶಕದಲ್ಲಿ ಅದೇ ದೇಶದ ಆನ್ರಿ ಡ್ಯೂಟ್ರೋಶೆ ಒಳಮುಖ, ಹೊರಮುಖ ಚಲನೆಗಳಿಗೆ ಬೇರೆಬೇರೆ ಹೆಸರು ಕೊಟ್ಟು, ಅಳೆಯುವ ಉಪಕರಣವನ್ನೂ ರೂಪಿಸಿದರು. ಸಸ್ಯಗಳಲ್ಲಿ ನಡೆಯುವುದೂ ಇದೇ ಎಂದು ಹೇಳಿದವರು ಅವರು.

ಪ್ರಾಣಿಗಳ ಪೊರೆ ಸೋರುತ್ತದೆ, ಒತ್ತಡ ಹೆಚ್ಚಾದರೆ ಹರಿಯುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಮೆರುಗು ಹಚ್ಚದ ಪಿಂಗಾಣಿ ಪಾತ್ರೆಯ ಗೋಡೆಯ ರಂಧ್ರಗಳಲ್ಲಿ ತಾಮ್ರದ ಫೆರೊಸಯನೈಡನ್ನು ಕೂರಿಸಿ ಗಟ್ಟಿಮುಟ್ಟಾದ ಕೃತಕ ಪೊರೆಯನ್ನು ಮಾಡಿಕೊಂಡರು. 1877ರಲ್ಲಿ ಅವರು ಪ್ರಕಟಿಸಿದ ಅಳತೆಗಳ ಪ್ರಕಾರ ಶೇ. 1ರ ಸಕ್ಕರೆ ದ್ರಾವಣ ಸುಮಾರು 0.7 ವಾತಾವರಣದಷ್ಟು ಒತ್ತಡ ಉಂಟುಮಾಡುತ್ತಿತ್ತು. ಸಕ್ಕರೆ ಇಮ್ಮಡಿಯಾದರೆ ಒತ್ತಡವೂ ಸರಿಸುಮಾರು ಇಮ್ಮಡಿ. ಆ ಹೊತ್ತಿಗೆ ನೆದರ್ಲೆಂಡ್ಸಿನಲ್ಲಿ ಹ್ಯೂಗೊ ಡಿ ವ್ರೀಸ್ ಎಲೆಯ ಸಿಪ್ಪೆಯ ಜೀವಕೋಶಗಳನ್ನು ಬೇರೆಬೇರೆ ಲವಣಗಳ ದ್ರಾವಣದಲ್ಲಿಟ್ಟು, ಕೋಶದ ಒಳಗಿನ ಜೀವದ್ರವ್ಯ ಎಷ್ಟು ಸಾರತೆಯಲ್ಲಿ ಭಿತ್ತಿಯಿಂದ ಬಿಟ್ಟುಕೊಳ್ಳತೊಡಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುತ್ತಿದ್ದರು. ದುಬಾರಿ ಉಪಕರಣವಿಲ್ಲದೆ ಎಲೆಯನ್ನೇ ಅಳತೆಗೋಲು ಮಾಡಿಕೊಂಡ ಈ ಉಪಾಯ ಇಡೀ ಕಥೆಯಲ್ಲೇ ಅತ್ಯಂತ ಚಂದದ ಪ್ರಯೋಗ. ಎರಡು ದ್ರಾವಣಗಳು ಕೋಶದ ಮೇಲೆ ಸಮನಾದ ಪ್ರಭಾವ ಬೀರಿದರೆ ಅವನ್ನು ಐಸೊಟೋನಿಕ್ ಎಂದು ಕರೆದವರು ಡಿ ವ್ರೀಸ್. (1900ರಲ್ಲಿ ಮೆಂಡೆಲ್‌ನ ಮರೆತುಹೋದ ನಿಯಮಗಳನ್ನು ಮತ್ತೆ ಕಂಡುಕೊಂಡವರಲ್ಲಿ ಇವರೂ ಒಬ್ಬರು.) ಫೆಫರ್ ಅವರ ಅಂಕಿಅಂಶಗಳ ಸುದ್ದಿ ಡಿ ವ್ರೀಸ್ ಬಾಯಿಂದಲೇ ಆಮ್‌ಸ್ಟರ್‌ಡಾಮಿನ ಸಹೋದ್ಯೋಗಿ ವಾಂಟ್ ಹಾಫ್ ಅವರಿಗೆ ತಲುಪಿತು. ದುರ್ಬಲ ದ್ರಾವಣದಲ್ಲಿ ಕರಗಿದ ಕಣಗಳು ಅನಿಲದ ಅಣುಗಳ ನಿಯಮವನ್ನೇ ಪಾಲಿಸುತ್ತವೆ ಎಂದು ವಾಂಟ್ ಹಾಫ್ ತೋರಿಸಿಕೊಟ್ಟರು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೆ ಬಂದಿದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಡಿ ವ್ರೀಸ್ ಎಲೆಯಲ್ಲಿ ಮಾಡಿದ್ದನ್ನು ಅದೇ ದೇಶದ ಹಾರ್ಟೊಗ್ ಹ್ಯಾಂಬರ್ಗರ್ 1880ರ ದಶಕದಲ್ಲಿ ರಕ್ತದಲ್ಲಿ ಮಾಡಿದರು. ಉಪ್ಪುನೀರು ತೆಳುವಾಗುತ್ತ ಹೋದಂತೆ ಕೆಂಪು ಕಣಗಳು ಉಬ್ಬಿ, ಒಂದು ಹಂತದಲ್ಲಿ ಒಡೆದು, ಬಣ್ಣ ಬಿಟ್ಟುಕೊಡುತ್ತಿದ್ದವು. ಮನುಷ್ಯರ ರಕ್ತಕ್ಕೆ ಸಮನಾದ ಉಪ್ಪುನೀರಿನ ಸಾರತೆ ಶೇ. 0.9ರ ಆಸುಪಾಸಿನಲ್ಲಿದೆ ಎಂಬ ತಿಳಿವಳಿಕೆ ಇಲ್ಲಿಂದ ಬಂತು. ಇಂದಿನ ನಾರ್ಮಲ್ ಸಲೈನ್ ಬಾಟಲಿಯ ಮೇಲೆ ಅಚ್ಚಾಗಿರುವುದು ಇದೇ ಅಂಕಿ.

ಕೆಂಪು ಕಣ ಈ ಪಾಠಕ್ಕೆ ಹೇಳಿ ಮಾಡಿಸಿದ ಜೀವಕೋಶ. ಐಸೊಟೋನಿಕ್ ದ್ರಾವಣದಲ್ಲಿ ಅದು ನಡುವೆ ತಗ್ಗಾದ ಬಿಲ್ಲೆಯ ಆಕಾರದಲ್ಲೇ ಇರುತ್ತದೆ. ಹೊರಗಿನ ದ್ರಾವಣ ತೆಳುವಾದರೆ, ಅಂದರೆ ಹೈಪೊಟೋನಿಕ್ ಆದರೆ, ನೀರು ಒಳನುಗ್ಗಿ ಕಣ ದುಂಡಗಾಗುತ್ತದೆ. ಉಪ್ಪಿನ ಪ್ರಮಾಣ ಶೇ. 0.5ಕ್ಕೆ ಇಳಿಯುವಷ್ಟರಲ್ಲಿ ಕೆಲವು ಕಣಗಳು ಒಡೆಯತೊಡಗಿ, ಶೇ. 0.3ರ ಹೊತ್ತಿಗೆ ಬಹುತೇಕ ಎಲ್ಲವೂ ಒಡೆದಿರುತ್ತವೆ. ದ್ರಾವಣ ಗಾಢವಾದರೆ, ಅಂದರೆ ಹೈಪರ್‌ಟೋನಿಕ್ ಆದರೆ, ನೀರು ಹೊರಬಂದು ಕಣದ ಮೇಲ್ಮೈ ಮುಳ್ಳುಮುಳ್ಳಾಗಿ ಸುಕ್ಕುಗಟ್ಟುತ್ತದೆ. ಒಡೆಯುವ ಈ ಗುಣವೇ ರೋಗ ಪತ್ತೆಗೂ ಒದಗಿತು. ಥಲಸೀಮಿಯಾದ ವಾಹಕರ ಕಣಗಳು ಚಪ್ಪಟೆಯಾಗಿರುವುದರಿಂದ ಇತರರ ಕಣಗಳಿಗಿಂತ ಹೆಚ್ಚು ನೀರನ್ನು ತಡೆದುಕೊಳ್ಳುತ್ತವೆ. ಭಾರತದಲ್ಲಿ ಬಳಕೆಯಲ್ಲಿರುವ ‘ನೆಸ್ಟ್ರಾಫ್ಟ್’ ಎಂಬ ಅಗ್ಗದ ಪರೀಕ್ಷೆಯಲ್ಲಿ ಒಂದು ಹನಿ ರಕ್ತವನ್ನು ಶೇ. 0.36ರ ಉಪ್ಪುನೀರಿಗೆ ಬೆರೆಸಿ, ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಕಣಗಳೆಲ್ಲ ಒಡೆದು ದ್ರಾವಣ ತಿಳಿಯಾದರೆ ಗೆರೆ ಕಾಣುತ್ತದೆ. ಗೆರೆ ಕಾಣದಷ್ಟು ಮಬ್ಬಾಗಿದ್ದರೆ ಮುಂದಿನ ತಪಾಸಣೆ ಬೇಕು. ಯಂತ್ರ ಬೇಡ, ವಿದ್ಯುತ್ ಬೇಡ.

ಪಠ್ಯಪುಸ್ತಕಗಳು ಹಾರಿಸಿಬಿಡುವ ಒಂದು ಮಾತು ಇಲ್ಲಿದೆ, ಈ ವಿಷಯದ ತಿರುಳೂ ಅದೇ. ದ್ರಾವಣದಲ್ಲಿ ಒಟ್ಟು ಎಷ್ಟು ಕಣ ಕರಗಿವೆ ಎಂಬುದು ಒಂದು ಲೆಕ್ಕ. ಅದನ್ನು ಆಸ್ಮೊಲಾರಿಟಿ ಎನ್ನುತ್ತಾರೆ. ಅವುಗಳಲ್ಲಿ ಪೊರೆಯನ್ನು ದಾಟಲಾರದ ಕಣ ಎಷ್ಟು ಎಂಬುದು ಬೇರೆಯೇ ಲೆಕ್ಕ. ದ್ರಾವಣ ಐಸೊಟೋನಿಕ್ಕೋ ಹೈಪೊಟೋನಿಕ್ಕೋ ಎಂದು ಹೇಳುವ ಗುಣ, ಅಂದರೆ ಟಾನಿಸಿಟಿ, ನಿಂತಿರುವುದು ಇದರ ಮೇಲೆ. ರಕ್ತದ ಆಸ್ಮೊಲಾರಿಟಿಗೆ ಸರಿಸಮನಾಗಿ ಯೂರಿಯಾ ಕರಗಿಸಿದ ನೀರಿನಲ್ಲಿ ಕೆಂಪು ಕಣಗಳನ್ನು ಹಾಕಿದರೆ ಅವು ಸುಖವಾಗಿರಬೇಕಲ್ಲವೇ? ಇರುವುದಿಲ್ಲ, ಒಡೆಯುತ್ತವೆ. ಯೂರಿಯಾ ಪೊರೆಯನ್ನು ದಾಟಿ ಒಳಸೇರುತ್ತದೆ, ಬೆನ್ನಿಗೇ ನೀರೂ ಸೇರುತ್ತದೆ. ಕುಡಿದವರ ರಕ್ತದಲ್ಲಿ ಆಲ್ಕೊಹಾಲ್ ಸೇರಿ ಆಸ್ಮೊಲಾರಿಟಿ ಏರಿದರೂ ಆ ಆಲ್ಕೊಹಾಲಿನಿಂದ ಕೋಶಗಳು ಮುದುಡುವುದಿಲ್ಲ, ಕಾರಣ ಇದೇ. ಹಾಗಾಗಿ ಒಂದು ದ್ರಾವಣ ಐಸೊಟೋನಿಕ್ ಹೌದೋ ಅಲ್ಲವೋ ಎಂಬುದಕ್ಕೆ ಬಾಟಲಿಯ ಚೀಟಿಯಷ್ಟೇ ಉತ್ತರ ಹೇಳಲಾರದು, ಪೊರೆಯನ್ನೂ ಕೇಳಬೇಕು.

ಡ್ರಿಪ್ ಹಾಕುವ ವೈದ್ಯರಿಗೆ ಇದು ದಿನನಿತ್ಯದ ವಿಚಾರ. ಶೇ. 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿದ್ದಾಗ ರಕ್ತಕ್ಕೆ ಹೆಚ್ಚುಕಡಿಮೆ ಸಮ, ನಾಳದೊಳಗೆ ಕಣಗಳನ್ನು ಒಡೆಯುವುದಿಲ್ಲ. ಆದರೆ ಗ್ಲೂಕೋಸನ್ನು ದೇಹ ಬಳಸಿ ಮುಗಿಸಿದ ಮೇಲೆ ಉಳಿಯುವುದು ಬರೀ ನೀರು. ಅದು ಅತಿಯಾದರೆ ರಕ್ತದ ಸೋಡಿಯಂ ಕುಸಿದು ಮಿದುಳಿನ ಕೋಶಗಳು ಉಬ್ಬುತ್ತವೆ. ಬೇರೆ ಅಂಗಗಳಿಗೆ ಉಬ್ಬಲು ಜಾಗವಿದೆ, ತಲೆಬುರುಡೆಯೊಳಗೆ ಇಲ್ಲ. ತಲೆನೋವು, ಗೊಂದಲ, ಫಿಟ್ಸ್ ಶುರುವಾಗುತ್ತವೆ. ಆಸ್ಪತ್ರೆ ಸೇರಿದ ಮಕ್ಕಳಿಗೆ ತೆಳು ದ್ರಾವಣ ಏರಿಸುವ ಹಳೆಯ ರೂಢಿಯನ್ನು ಬಿಟ್ಟು ಐಸೊಟೋನಿಕ್ ದ್ರಾವಣವನ್ನೇ ಬಳಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೇಳಿದ್ದು ಇದಕ್ಕಾಗಿಯೇ. ಉಬ್ಬಿದ ಮಿದುಳನ್ನು ಇಳಿಸಲು ಶೇ. 3ರ ಸಲೈನ್ ಅಥವಾ ಮ್ಯಾನಿಟಾಲ್ ಕೊಡುತ್ತಾರೆ. ಅದರಲ್ಲೂ ಆತುರ ಸಲ್ಲದು. ಬಹುಕಾಲ ಸೋಡಿಯಂ ಕಡಿಮೆಯಿದ್ದು ಹೊಂದಿಕೊಂಡಿರುವ ಮಿದುಳಿಗೆ ಅದನ್ನು ಸರ್ರನೆ ಏರಿಸಿದರೆ ನರತಂತುಗಳ ಹೊದಿಕೆಯೇ ಹಾಳಾಗಿ ರೋಗಿ ಮಾತು, ಚಲನೆ ಕಳೆದುಕೊಳ್ಳಬಹುದು. ಸೋಡಿಯಂ ಕುಸಿಯುವ ಅಪಾಯ ಕಾಯಿಲೆಯವರಿಗೆ ಮಾತ್ರ ಎಂದೇನಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಓಡುವಾಗ ಕುಡಿದ ಅತಿಯಾದ ನೀರು ಇದರ ಮುಖ್ಯ ಕಾರಣ.

ಪೊರೆ ಬರೀ ಜರಡಿಯಲ್ಲ. ಅದು ಕೊಬ್ಬಿನ ಎರಡು ಪದರ. ನೀರು ಅದರಲ್ಲಿ ನಿಧಾನವಾಗಿಯಷ್ಟೇ ನುಸುಳಬಲ್ಲದು. ಆದರೂ ಕೆಂಪು ಕಣ, ಮೂತ್ರಪಿಂಡದ ಕೋಶಗಳಲ್ಲಿ ನೀರು ಅಷ್ಟು ವೇಗವಾಗಿ ಓಡಾಡುವುದು ಹೇಗೆಂಬ ಪ್ರಶ್ನೆಗೆ ಅಮೆರಿಕದ ಪೀಟರ್ ಆಗ್ರೆ 1992ರಲ್ಲಿ ಉತ್ತರ ಕೊಟ್ಟರು. ಕೆಂಪು ಕಣದ ಒಂದು ಪ್ರೋಟೀನನ್ನು ಕಪ್ಪೆಯ ಅಂಡಾಣುವಿನಲ್ಲಿ ತಯಾರಾಗುವಂತೆ ಮಾಡಿ, ಅಂಡಾಣುವನ್ನು ತೆಳು ದ್ರಾವಣಕ್ಕೆ ಹಾಕಿದರು. ಮಾಮೂಲಿ ಅಂಡಾಣು ಅಲುಗಲಿಲ್ಲ, ಪ್ರೋಟೀನ್ ಇದ್ದದ್ದು ಕೆಲವೇ ನಿಮಿಷಗಳಲ್ಲಿ ಉಬ್ಬಿ ಸಿಡಿಯಿತು. ಆಕ್ವಾಪೊರಿನ್ ಎಂಬ ಈ ನಾಳದ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ಸಾಗಬಲ್ಲವು. ಆಗ್ರೆ ಅವರಿಗೆ 2003ರ ನೊಬೆಲ್ ಸಂದಿತು. ನೀರಿಗೆ ಇಷ್ಟು ಧಾರಾಳವಾಗಿ ಬಾಗಿಲು ತೆರೆದಿಟ್ಟ ಪ್ರಾಣಿಕೋಶ ಒಡೆಯದೆ ಉಳಿಯುವುದು ಇನ್ನೊಂದು ಪ್ರೋಟೀನಿನ ದುಡಿಮೆಯಿಂದ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿದ ಸೋಡಿಯಂ-ಪೊಟ್ಯಾಸಿಯಂ ಪಂಪ್ ಒಳನುಸುಳುವ ಸೋಡಿಯಂ ಅನ್ನು ಬಿಡುವಿಲ್ಲದೆ ಹೊರದೂಡುತ್ತದೆ. ನಾವು ಸುಮ್ಮನೆ ಮಲಗಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಭಾಗದಷ್ಟಾದರೂ ಈ ಪಂಪಿಗೇ ಹೋಗುತ್ತದೆ.

ಗಿಡಗಳು ಬೇರೆ ದಾರಿ ಹಿಡಿದಿವೆ. ಅವುಗಳ ಕೋಶಕ್ಕೆ ಸೆಲ್ಯುಲೋಸಿನ ಗಟ್ಟಿ ಭಿತ್ತಿಯಿದೆ. ನೀರು ಎಷ್ಟು ನುಗ್ಗಿದರೂ ಒಡೆಯುವುದಿಲ್ಲ, ಬಿಗಿಯುತ್ತದೆ. ಬಿಗಿದ ಕೋಶದೊಳಗಿನ ಟರ್ಗರ್ ಒತ್ತಡ ಸಾಮಾನ್ಯವಾಗಿ ಐದರಿಂದ ಹತ್ತು ವಾತಾವರಣದಷ್ಟಿರುತ್ತದೆ, ಕಾರಿನ ಟೈರಿನಲ್ಲಿ ತುಂಬುವುದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಹೈಪೊಟೋನಿಕ್ ಪರಿಸರ ಪ್ರಾಣಿಕೋಶಕ್ಕೆ ಮಾರಕ, ಸಸ್ಯಕೋಶಕ್ಕೆ ಹಿತ. ಕೊತ್ತಂಬರಿ ಸೊಪ್ಪು ನೆಟ್ಟಗೆ ನಿಲ್ಲುವುದು, ಸೌತೆಕಾಯಿ ಕಚ್ಚಿದಾಗ ಕರುಂ ಎನ್ನುವುದು ಈ ಒತ್ತಡದಿಂದ. ಎಲೆಯ ಕಾವಲು ಕೋಶಗಳು ಪೊಟ್ಯಾಸಿಯಂ ತುಂಬಿಕೊಂಡು ಉಬ್ಬಿದರೆ ಪತ್ರರಂಧ್ರ ತೆರೆಯುತ್ತದೆ, ಕಳೆದುಕೊಂಡರೆ ಮುಚ್ಚುತ್ತದೆ. ಮುಟ್ಟಿದರೆ ಮುನಿಯ ಎಲೆ ಮಡಚುವುದೂ ತೊಟ್ಟಿನ ಬುಡದ ಕೋಶಗಳು ಕ್ಷಣಾರ್ಧದಲ್ಲಿ ನೀರು ಬಿಟ್ಟುಕೊಡುವುದರಿಂದ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕೆಂಬ ಅಡುಗೆಯವರ ಕಟ್ಟುನಿಟ್ಟಿಗೂ ಅರ್ಥವಿದೆ; ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಮೆತ್ತಗಾಗುತ್ತದೆ.

ಬೇರಿನ ಹೊರಗಿನ ನೀರೇ ಗಾಢವಾದರೆ? ತುಂಗಭದ್ರಾ ಅಚ್ಚುಕಟ್ಟಿನ ರೈತರು ಸವಳು-ಜವಳು ಎಂದು ಕರೆಯುವುದು ಇದನ್ನೇ. ಕಾಲುವೆ ನೀರು ಅತಿಯಾಗಿ ಅಂತರ್ಜಲ ಮೇಲೆ ಬರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಣ್ಣಿನ ಮೇಲೆ ಬಿಳಿಯಾಗಿ ಉಳಿಯುತ್ತದೆ. ಬುಡದಲ್ಲಿ ತೇವವಿದ್ದರೂ ಬೇರು ಹೀರಲಾರದೆ ಪೈರು ಬಾಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ನೆಲದ ಸುಧಾರಣೆಗೆಂದೇ ದಶಕಗಳಿಂದ ಕೆಲಸ ಮಾಡುತ್ತಿದೆ. ಒಂದೇ ಕಡೆ ಯೂರಿಯಾ ಹೆಚ್ಚು ಸುರಿದಾಗ ‘ಗೊಬ್ಬರಕ್ಕೆ ಗಿಡ ಸುಟ್ಟಿತು’ ಎನ್ನುತ್ತೇವಲ್ಲ, ಅಲ್ಲೂ ಬೇರು ನೀರು ಕಳೆದುಕೊಂಡಿರುತ್ತದೆ.

ಉಪ್ಪಿಗೆ ಹೊಂದಿಕೊಂಡ ಬೆಳೆಯೂ ನಮ್ಮಲ್ಲಿದೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವಲ್ಲಿ ಉಬ್ಬರದ ನೀರು ಹತ್ತುವ ಗಜನಿ ಗದ್ದೆಗಳಿವೆ. ಅಲ್ಲಿ ಬೆಳೆಯುವ ಕಗ್ಗ ಭತ್ತ ಬೇರೆ ತಳಿಗಳು ಸಾಯುವಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ. ಮುಂಗಾರಿನ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುವ ಅಲ್ಲಿನವರ ಕ್ರಮ ಅಭಿಸರಣೆಯ ಹೆಸರೇ ಎತ್ತದೆ ಅದಕ್ಕೆ ತಕ್ಕಂತೆ ನಡೆಯುತ್ತದೆ. ಅದೇ ಅಳಿವೆಯ ಕಾಂಡ್ಲಾ ಗಿಡಗಳಲ್ಲಿ ಕೆಲವು ಜಾತಿಯವು ಉಪ್ಪನ್ನು ಬೇರಿನಲ್ಲೇ ತಡೆಯುತ್ತವೆ, ಕೆಲವು ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ. ಅಂಥ ಎಲೆಯನ್ನು ನೆಕ್ಕಿದರೆ ಉಪ್ಪುಪ್ಪು.

ಮಲೆನಾಡಿನ ಅಪ್ಪೆಮಿಡಿಯನ್ನು ಉಪ್ಪಿನೊಂದಿಗೆ ಭರಣಿಗೆ ತುಂಬಿದರೆ ಕೆಲವೇ ದಿನಗಳಲ್ಲಿ ಮಿಡಿ ಸುಕ್ಕುಗಟ್ಟಿ, ಮೇಲೆ ಉಪ್ಪುನೀರು ನಿಲ್ಲುತ್ತದೆ. ಹೊರಗಿನಿಂದ ಯಾರೂ ನೀರು ಹಾಕಿದ್ದಲ್ಲ, ಎಲ್ಲವೂ ಮಿಡಿಯದ್ದೇ. ಆ ಉಪ್ಪುನೀರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ತಮ್ಮ ನೀರನ್ನೂ ಕಳೆದುಕೊಂಡು ಬೆಳೆಯಲಾರವು. ಕರಾವಳಿಯ ಉಪ್ಪುಸೊಳೆ, ಒಣಮೀನು, ಕಾಡಿನ ಜೇನು ಕೆಡದಿರುವುದರ ಹಿಂದೆಯೂ ಈ ತತ್ವವಿದೆ. ಇದಕ್ಕೆ ಅಪವಾದಗಳುಂಟು: ಸ್ಟೆಫಿಲೊಕಾಕಸ್ ಆರಿಯಸ್ ಶೇ. 10ರ ಉಪ್ಪಿನಲ್ಲೂ ಬೆಳೆಯುತ್ತದೆ, ಉಪ್ಪಿನಗದ್ದೆಗಳನ್ನು ಕೆಂಪಾಗಿಸುವ ಕೆಲವು ಸೂಕ್ಷ್ಮಜೀವಿಗಳು ತಮ್ಮೊಳಗೇ ಪೊಟ್ಯಾಸಿಯಂ ತುಂಬಿಕೊಂಡು ಹೊರಗಿನ ಉಪ್ಪಿಗೆ ಸಮವಾಗಿ ನಿಲ್ಲುತ್ತವೆ, ಡ್ಯುನಾಲಿಯೆಲ್ಲಾ ಎಂಬ ಪಾಚಿ ಗ್ಲಿಸರಾಲ್ ತಯಾರಿಸಿಕೊಳ್ಳುತ್ತದೆ. ಪೆನಿಸಿಲಿನ್ ಕೊಲ್ಲುವ ಬಗೆಯೂ ಇಲ್ಲಿಗೇ ಸೇರಿದ್ದು. ಅದು ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಭಿತ್ತಿಯ ಹೆಣಿಗೆಯನ್ನು ನಿಲ್ಲಿಸುತ್ತದೆ; ಉಳಿದ ಕೆಲಸ ನೀರಿನದು. ಸಕ್ಕರೆ ಬೆರೆಸಿ ಗಾಢವಾಗಿಸಿದ ದ್ರಾವಣದಲ್ಲಾದರೆ ಭಿತ್ತಿ ಕಳೆದುಕೊಂಡ ಬ್ಯಾಕ್ಟೀರಿಯಾ ಒಡೆಯದೆ ದುಂಡಗೆ ಉಳಿಯುತ್ತದೆ ಎಂದು ಜೋಶುವಾ ಲೆಡರ್‌ಬರ್ಗ್ 1956ರಲ್ಲಿ ತೋರಿಸಿದ್ದರು.

ನೀರಿನಲ್ಲೇ ಬಾಳುವ ಪ್ರಾಣಿಗಳಿಗೆ ಈ ಲೆಕ್ಕದಿಂದ ಬಿಡುಗಡೆಯಿಲ್ಲ. ಕೆರೆಯ ನೀರಿನ ಪ್ಯಾರಾಮೀಸಿಯಂ ಒಳಬರುವ ನೀರನ್ನು ಸಂಕೋಚನಶೀಲ ರಸದಾನಿಯಲ್ಲಿ ಕೂಡಿಸಿ ಮತ್ತೆಮತ್ತೆ ಹೊರಚಿಮ್ಮಿಸುತ್ತದೆ. ಹೊಳೆಮೀನಿನ ರಕ್ತ ಸುತ್ತಲ ನೀರಿಗಿಂತ ಗಾಢ; ಅದು ನೀರು ಕುಡಿಯುವುದು ಅತ್ಯಲ್ಪ, ತೆಳುವಾದ ಮೂತ್ರ ಬಿಡುವುದು ಧಾರಾಳ. ಬಂಗುಡೆ, ಭೂತಾಯಿಯಂಥ ಕಡಲಮೀನಿಗೆ ಇದು ತಿರುಗುಮುರುಗು: ರಕ್ತದ ಸಾರ ಕಡಲಿನ ಮೂರನೇ ಒಂದು ಭಾಗದಷ್ಟೇ ಇರುವುದರಿಂದ ನೀರಿನೊಳಗಿದ್ದೂ ಒಣಗುವ ಭಯ. ಅದು ಕಡಲನ್ನೇ ಕುಡಿದು, ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ. ಶಾರ್ಕ್ ಯೂರಿಯಾವನ್ನು ರಕ್ತದಲ್ಲೇ ಉಳಿಸಿಕೊಂಡು ಕಡಲಿನ ಮಟ್ಟಕ್ಕೆ ಏರಿದೆ. ಒಂಟೆಯ ಕೆಂಪು ಕಣ ಅಂಡಾಕಾರದ್ದು, ಎರಡು ಪಟ್ಟಿಗೂ ಮಿಗಿಲಾಗಿ ಉಬ್ಬಿದರೂ ಒಡೆಯದು. ದಿನಗಟ್ಟಲೆ ಬಾಯಾರಿ ಒಮ್ಮೆಗೇ ಹತ್ತಾರು ಲೀಟರ್ ಕುಡಿಯುವ ಪ್ರಾಣಿಗೆ ಇದು ಬೇಕೇಬೇಕು. ಮನುಷ್ಯರಿಗೆ ಇಂಥ ಸೌಕರ್ಯಗಳಿಲ್ಲ. ನಮ್ಮ ಮೂತ್ರಪಿಂಡ ಕಡಲ ನೀರಿನಷ್ಟು ಉಪ್ಪಾದ ಮೂತ್ರವನ್ನು ತಯಾರಿಸಲಾರದ್ದರಿಂದ ಕಡಲ ನೀರು ಕುಡಿದಷ್ಟೂ ದೇಹದ ನೀರು ಖಾಲಿಯಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕಾಲಿಗೆ ಹತ್ತಿದ ಇಂಬಳದ ಮೇಲೆ ಉಪ್ಪು ಹಾಕಿದಾಗ ಅದರ ಒದ್ದೆ ಚರ್ಮದಿಂದ ನೀರು ಹೊರಟು ಅದು ಕಳಚಿ ಬೀಳುತ್ತದೆ.

ಅಭಿಸರಣೆಯ ಹೆಸರಿನಲ್ಲಿ ಸಲ್ಲದ ವಿವರಣೆಗಳೂ ಚಲಾವಣೆಯಲ್ಲಿವೆ. ನೀರಿನಲ್ಲಿ ಹೆಚ್ಚು ಹೊತ್ತಿದ್ದ ಬೆರಳು ನೆರಿಗೆಗಟ್ಟುವುದನ್ನು ಈಗಲೂ ಅಭಿಸರಣೆಯೆಂದೇ ಮಕ್ಕಳಿಗೆ ಹೇಳುವುದುಂಟು. ನರ ತುಂಡಾದ ಬೆರಳು ನೀರಿನಲ್ಲಿ ನೆರಿಗೆಗಟ್ಟುವುದಿಲ್ಲ ಎಂದು 1930ರ ದಶಕದಲ್ಲೇ ಗೊತ್ತಾಗಿತ್ತು. ನರಗಳ ಅಪ್ಪಣೆಯಂತೆ ರಕ್ತನಾಳ ಸಂಕುಚಿಸುವುದು ಅದರ ಕಾರಣ. ಒಣ ಕಡಲೆ ನೆನೆದು ಉಬ್ಬುವಲ್ಲಿ ಮೊದಲು ನಡೆಯುವುದು ಪಿಷ್ಟ, ಪ್ರೋಟೀನುಗಳು ನೀರನ್ನು ಹೀರಿಕೊಳ್ಳುವ ಕ್ರಿಯೆ. ತೆಂಗಿನ ಮರದ ತುದಿಗೆ ನೀರು ಏರುವುದೂ ಅಭಿಸರಣೆಯ ಬಲದಿಂದಲ್ಲ. ಎಲೆಗಳಿಂದ ನೀರು ಆವಿಯಾದಾಗ ಉಂಟಾಗುವ ಸೆಳೆತ ಇಡೀ ನೀರಿನ ಕಂಬವನ್ನು ಮೇಲೆತ್ತುತ್ತದೆ ಎಂದು ಡಿಕ್ಸನ್ ಮತ್ತು ಜೋಲಿ 1894ರಲ್ಲಿ ವಿವರಿಸಿದ್ದರು. ಬೇರು ಮಣ್ಣಿನಿಂದ ನೀರನ್ನು ಒಳಗೆ ತೆಗೆದುಕೊಳ್ಳುವಲ್ಲಿ ಮಾತ್ರ ಅಭಿಸರಣೆಗೆ ಪಾತ್ರವಿದೆ.

ಸಹಜವಾಗಿ ನಡೆಯುವುದನ್ನು ಒತ್ತಡ ಹೇರಿ ಹಿಮ್ಮೆಟ್ಟಿಸಿದರೆ ಆರ್‌ಒ, ಅಂದರೆ ಹಿಮ್ಮುಖ ಅಭಿಸರಣೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ 1950ರ ದಶಕದ ಕೊನೆಗೆ ರೂಪಿಸಿದ ಸೆಲ್ಯುಲೋಸ್ ಅಸಿಟೇಟ್ ಪೊರೆಯಿಂದ ಇದು ವ್ಯವಹಾರಕ್ಕೆ ಬಂತು. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ನಡೆಯುತ್ತಿರುವುದು ಆ ಹೊತ್ತಿನ ಕೆಲಸದ ಮುಂದುವರಿಕೆಯಾಗಿ. ಶುದ್ಧ ನೀರಿನ ಜೊತೆಗೇ ಗಾಢವಾದ ತ್ಯಾಜ್ಯ ನೀರು ಹೊರಬರುತ್ತದೆ; ಅದನ್ನು ಎಲ್ಲಿಗೆ ಬಿಡಬೇಕೆಂಬ ಚಿಂತೆ ಬಹಳ ಕಡೆ ಆಗಿಲ್ಲ.

ಅಭಿಸರಣೆಯ ಅರಿವು ಅತಿ ಹೆಚ್ಚು ಜೀವ ಉಳಿಸಿದ್ದು ಕಾಲರಾದ ವಿಷಯದಲ್ಲಿ. ಆ ಕಥೆಯ ಬಹುಭಾಗ ನಡೆದದ್ದು ಬಂಗಾಳದಲ್ಲಿ, ಆರಂಭವಾದದ್ದು ಬ್ರಿಟನ್ನಿನಲ್ಲಿ. 1831ರಲ್ಲಿ ಕಾಲರಾ ಅಲ್ಲಿಗೆ ಕಾಲಿಟ್ಟಾಗ ವಿಲಿಯಂ ಓ’ಶಾಘ್ನೆಸ್ಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತದಿಂದ ನೀರು ಮತ್ತು ಲವಣ ನಷ್ಟವಾಗಿರುವುದನ್ನು ಕಂಡುಹಿಡಿದರು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಾಟಾ ಉಪ್ಪುನೀರನ್ನು ರಕ್ತನಾಳಕ್ಕೆ ಏರಿಸಿ ಸಾಯುತ್ತಿದ್ದ ಕೆಲವರನ್ನು ಎಬ್ಬಿಸಿ ಕೂರಿಸಿದರು. ಅವರ ಮೊದಲ ದ್ರಾವಣ ರಕ್ತಕ್ಕಿಂತ ಬಹಳ ತೆಳುವಾಗಿತ್ತು. ಟಾನಿಸಿಟಿಯ ಕಲ್ಪನೆ ಹುಟ್ಟಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು. ಲಾಟಾ ಮರುವರ್ಷವೇ ತೀರಿಕೊಂಡರು, ಚಿಕಿತ್ಸೆ ಮೂಲೆಗೆ ಸೇರಿತು. 20ನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದಲ್ಲಿ ಲಿಯೊನಾರ್ಡ್ ರಾಜರ್ಸ್ ಗಾಢವಾದ ಸಲೈನ್ ಬಳಸಿ ಸಾವಿನ ಪ್ರಮಾಣವನ್ನು ಅರ್ಧದಷ್ಟು ಇಳಿಸಿದರು.

ಕಾಲರಾ ರೋಗಾಣು ಕರುಳನ್ನು ಕೊರೆಯುವುದಿಲ್ಲ, ಹುಣ್ಣು ಮಾಡುವುದಿಲ್ಲ. ಅದು ಬಿಡುವ ವಿಷ ಕರುಳಿನ ಕೋಶಗಳು ಕ್ಲೋರೈಡನ್ನು ಒಂದೇ ಸಮನೆ ಹೊರಸುರಿಯುವಂತೆ ಮಾಡುತ್ತದೆ. ಸೋಡಿಯಂ ಹಿಂಬಾಲಿಸುತ್ತದೆ, ಅವೆರಡರ ಹಿಂದೆ ಅಭಿಸರಣೆಯಿಂದ ನೀರು. ತೀವ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ಅಕ್ಕಿ ತೊಳೆದ ನೀರಿನಂಥ ಭೇದಿಯಾಗುತ್ತದೆ. ಆ ವಿಷ ಕರುಳಿನೊಳಗೇ ಕೆಲಸ ಮಾಡುತ್ತದೆಂದು 1959ರಲ್ಲಿ ಮೊಲದ ಕರುಳಿನ ಪ್ರಯೋಗದಿಂದ ಸಾಬೀತುಪಡಿಸಿದವರು ಕಲ್ಕತ್ತಾದ ಶಂಭುನಾಥ ಡೇ. ಅವರಿಗೆ ಸಲ್ಲಬೇಕಾದ ಮನ್ನಣೆ ಬದುಕಿದ್ದಾಗ ಸಲ್ಲಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್, ಕರುಳಿನ ಕೋಶ ಗ್ಲೂಕೋಸನ್ನು ಸೋಡಿಯಂ ಜೊತೆಗೂಡಿಸಿ ಒಳಗೆ ತೆಗೆದುಕೊಳ್ಳುತ್ತದೆ ಎಂದು ಮಂಡಿಸಿದರು. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ. ಉಪ್ಪು, ಸಕ್ಕರೆ ಒಟ್ಟಿಗೆ ಕೊಟ್ಟರೆ ಎರಡೂ ಒಳಸೇರುತ್ತವೆ, ನೀರು ತಾನಾಗಿ ಹಿಂದೆ ಬರುತ್ತದೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬಂದು ತುಂಬಿದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದು ಡ್ರಿಪ್ ಬಾಟಲಿಗಳು ಮುಗಿದುಹೋದಾಗ ವೈದ್ಯ ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು, ರೋಗಿಯ ಕಡೆಯವರೇ ಕುಡಿಸುವಂತೆ ಮಾಡಿದರು. ಅದುವರೆಗೆ ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು 2023ರಲ್ಲಿ.

ಹೀಗೆ ಕುಡಿಸುವ ಉಪ್ಪು-ಗ್ಲೂಕೋಸ್ ದ್ರಾವಣವೇ ಓಆರ್‌ಎಸ್. ಅದರ ಮೊದಲ ಸೂತ್ರದ ಆಸ್ಮೊಲಾರಿಟಿ ಲೀಟರಿಗೆ 311 ಮಿಲಿಆಸ್ಮೋಲ್ ಇತ್ತು, ರಕ್ತಕ್ಕಿಂತ ತುಸು ಹೆಚ್ಚು. ಅದನ್ನು ತೆಳುಗೊಳಿಸಿದರೆ ನೀರು ಇನ್ನೂ ಚೆನ್ನಾಗಿ ಒಳಸೇರಿ ಭೇದಿ ಕಡಿಮೆಯಾಗುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದ್ದರಿಂದ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 245ಕ್ಕೆ ಇಳಿಸಿತು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್: ಒಟ್ಟು 20.5 ಗ್ರಾಂ. ಅಂಗಡಿಯ ತಂಪು ಪಾನೀಯದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ಭೇದಿಯಾಗುತ್ತಿರುವ ಮಗುವಿಗೆ ಅದನ್ನು ಕುಡಿಸಿದರೆ ಕರುಳಿನೊಳಗಿನ ದ್ರವ ರಕ್ತಕ್ಕಿಂತ ಗಾಢವಾಗಿ, ದೇಹದ ನೀರು ಇನ್ನಷ್ಟು ಹೊರಗೆ ಹರಿಯುತ್ತದೆ. ಈ ಸೂತ್ರ ಪಾಲಿಸದ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಔಷಧಿ ಅಂಗಡಿಯಲ್ಲಿ ಕೇಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವೇ ಬೇಕೆಂದು ಕೇಳಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೇ ಪೂರ್ತಿಯಾಗಿ ಹಾಕಿ, ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಕಲಸಬೇಡಿ, ರುಚಿಗೆಂದು ಸಕ್ಕರೆ ಸೇರಿಸಬೇಡಿ, ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ.